ಓದುವವರ ಪಾಲು

ಜುಲೈ ೧, ಸೋಮವಾರ

ಇವತ್ತು ಬೈಂಡಿಂಗ್ ಮನೆಯಲ್ಲಿ ಪೇಪರಿನಿಂದ ಓದಿದ ಮುಖ್ಯ ಸುದ್ದಿ: ಮಂತ್ರಿಯೊಬ್ಬರು ಉದ್ಘಾಟಿಸಿದ ಸೇತುವೆ, ಅವರ ಕಾರು ದಾಟುವ ಮೊದಲೇ ಬಿರುಕು ಬಿಟ್ಟಿದೆ. ಮಂತ್ರಿಯ ಮಾತನ್ನು ಮಂತ್ರಿಯ ಮೂಗಿನಿಂದಲೇ ಓದಿದೆ. "ಬಿರುಕು ಎಂಬುದು ವಿರೋಧಿಗಳ ಸೃಷ್ಟಿ" ಎನ್ನುವಲ್ಲಿಗೆ ಅಂಟಿನ ಭಾವ ಮಡಿಕೆ ಒತ್ತುವ ಪಟ್ಟಿಯನ್ನು ಕೆಳಗಿಟ್ಟು ನಕ್ಕರು. ಕೊನೆಗೆ ನನ್ನದೊಂದು ಸಾಲು ಸೇರಿಸಿದೆ: "ಕಟ್ಟಿದ್ದು ಮೊನ್ನೆ, ಒಡೆದದ್ದು ನಿನ್ನೆ, ಉತ್ತರ ಸೊನ್ನೆ." ಚಪ್ಪಾಳೆ ಬಿತ್ತು. ಪತ್ರಿಕೆಯವರಿಗೆ ಇದು ಹೊಳೆಯಲಿಲ್ಲವಲ್ಲ ಎಂದು ಮರುಕವಾಯಿತು.

ನಮ್ಮಲ್ಲಿ ಮಾಡುವ ಕೆಲಸವೇ ಹೆಸರು: ಅಂಟು ಹಚ್ಚುವವರು ಅಂಟಿನ ಭಾವ, ಹೊಲಿಯುವವರು ದಾರದ ಅತ್ತೆ, ಸುದ್ದಿ ಓದುವ ನಾನು ವಾರ್ತಕ್ಕ. ಎಂಬತ್ತರ ಅಜ್ಜಿಯೊಬ್ಬಳು ಈಜು ಕಲಿತ ಸುದ್ದಿಯನ್ನೂ ಓದಿದೆ. ಮುಗಿಯುವ ಮೊದಲೇ ದಾರದ ಅತ್ತೆ ಬಾಯಿ ಹಾಕಿದರು. "ಕೇಳಿದ್ರಾ ವಾರ್ತಕ್ಕ, ಮನೇಲಿ ಒಳ್ಳೆಯವ್ರು ಇದ್ರೆ ಮುದುಕೀರೂ ಈಜ್ತಾರೆ."

ಪಕ್ಕದಲ್ಲೇ ಕೂತ ಅವರ ಸೊಸೆ ತಲೆ ಎತ್ತದೆ, "ವಾರ್ತಕ್ಕ, ಆ ಅಜ್ಜಿ ಈಜಿದ್ದು ನೀರಲ್ಲಾ, ಸೊಸೆ ತಲೆ ಮೇಲಾ, ಸರಿಯಾಗಿ ನೋಡಿ ಹೇಳಿ" ಎಂದಳು.

ಇಬ್ಬರೂ ಒಂದೇ ಮನೆಯಿಂದ ಒಂದೇ ಬಸ್ಸಿನಲ್ಲಿ ಬಂದು ಅಕ್ಕಪಕ್ಕ ಕೂರುತ್ತಾರೆ. ಅತ್ತೆ ಪುಸ್ತಕ ಹೊಲಿಯುತ್ತಾರೆ, ಸೊಸೆ ರಟ್ಟು ಕಟ್ಟುತ್ತಾಳೆ. ಒಬ್ಬರಿಗೊಬ್ಬರು ನೇರವಾಗಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಏನಿದ್ದರೂ ನನ್ನ ಪೇಪರಿನ ಮೇಲಿಂದ ಹಾಯಿಸಿ ಆಡುತ್ತಾರೆ. ಇದರಿಂದ ನನ್ನ ಓಘಕ್ಕೆ ಭಂಗ. ಒಂದು ದಿನ ಹೇಳಬೇಕು.

ಹೇಳಬೇಕಾದ ಇನ್ನೊಂದು ಸಂಗತಿ. ನಮ್ಮ ಬೈಂಡಿಂಗ್ ಮನೆಯಲ್ಲಿ ಬೆಳಗಿನ ಮೊದಲ ಗಂಟೆ ಎಲ್ಲರಿಗೂ ಮಡಿಕೆಯ ಕೆಲಸವೇ. ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಮಡಚಿ ಪುಟ ಮಾಡಿಕೊಂಡ ಮೇಲೆಯೇ ಹೊಲಿಗೆ, ಅಂಟು, ಕಟಿಂಗು. ಆ ಹೊತ್ತಿನಲ್ಲಿ ನಾನು ಎತ್ತರದ ಸ್ಟೂಲು ಹತ್ತಿ ಪೇಪರು ಬಿಡಿಸಿದ್ದೇ ತಡ, ಒಬ್ಬೊಬ್ಬರೂ ನನ್ನ ಕಟ್ಟಿನಿಂದ ಒಂದೊಂದು ಹಿಡಿ ಹಾಳೆ ಎತ್ತಿ ತಮ್ಮದಕ್ಕೆ ಸೇರಿಸಿಕೊಳ್ಳುತ್ತಾರೆ. ಓದುವವರ ಪಾಲಿನ ಕೆಲಸ ಕೇಳುವವರದ್ದು. ಯಾವ ಕಾಲದಲ್ಲಿ ಯಾರು ಮಾಡಿದ ಪದ್ಧತಿಯೋ, ನನಗಿಂತ ಮೊದಲು ಓದುತ್ತಿದ್ದ ದೊಡ್ಡಯ್ಯನಿಗೂ ಗೊತ್ತಿರಲಿಲ್ಲ.

ಇವತ್ತು ಕತ್ತರಿ ಮಾವ ಹಿಡಿ ಎತ್ತಲಿಲ್ಲ. ಕಟಿಂಗ್ ಮಷೀನಿನ ಹಿರಿಯರು, ಎಂದೂ ತಪ್ಪಿಸಿದವರಲ್ಲ. ನೋಡಿದರೆ ಎರಡು ಕಿವಿಯಲ್ಲೂ ಬಿಳಿ ಗುಂಡಿ, ಫೋನಿನ ಸುದ್ದಿಯನ್ನು ಕಿವಿಗೇ ಸುರಿಯುವಂಥವು. ಕೈ ಬೀಸಿ ಕರೆದೆ. ಕಿವಿ ಮುಚ್ಚಿಕೊಂಡವರು ಕೂಗುವ ಹಾಗೆ ಕೂಗಿದರು: "ನೀವು ಓದಿಮ್ಮಾ! ನನಗೆ ಇದ್ರಲ್ಲೇ ಬರ್ತಿದೆ!"

ಮಾವನ ಕಿವಿಗೆ ಗುಂಡಿ, ವಾರ್ತಕ್ಕನಿಗೆ ಬೆಂಡಿ. ಬೆಂಡಿ ಎಂದರೇನೋ ಗೊತ್ತಿಲ್ಲ. ಪ್ರಾಸ ಕೂತಿತು, ಬಿಟ್ಟೆ.

ಜುಲೈ ೪, ಗುರುವಾರ

ಪಂದ್ಯದ ಸುದ್ದಿ. ಕೊನೆಯ ಓವರಿಗೆ ದನಿ ಇಳಿಸಿ, ಉಸಿರು ಹಿಡಿದು, ಕಣ್ಣು ಎತ್ತಿದೆ. ಯಾರೂ ಉಸಿರು ಹಿಡಿದಿರಲಿಲ್ಲ. ಭಾವ ಸಂಕೋಚದಿಂದ, "ಅದು ನಿನ್ನೆ ಸಾಯಂಕಾಲಾನೇ ಗೊತ್ತಾಯ್ತು ವಾರ್ತಕ್ಕ. ಆದ್ರೂ ಓದಿ, ಚೆನ್ನಾಗಿದೆ" ಎಂದರು. ಚೆನ್ನಾಗಿದೆಯಂತೆ. ಉಂಡವರ ಮುಂದೆ ಎಲೆ ಹಾಕಿದ ಹಾಗೆ.

ದೊಡ್ಡಯ್ಯನ ಕಾಲ ನೆನಪಾಯಿತು. ಕನ್ನಡ ಮಾಧ್ಯಮದ ಬಿ.ಎ. ಹಿಡಿದು ಹತ್ತು ಕಡೆ ಅಲೆದು, ಹನ್ನೊಂದನೆಯದಾಗಿ ಈ ಬಾಗಿಲಿಗೆ ಬಂದಾಗ ನನ್ನನ್ನು ಒಳಕ್ಕೆ ಎಳೆದದ್ದು ಆ ದನಿ. ಹೊರಗೆ ಮೆಟ್ಟಿಲ ಮೇಲೆ ನಿಂತೇ ಇಡೀ ಸುದ್ದಿ ಕೇಳಿದ್ದೆ, ಕೆಲಸ ಕೇಳುವುದು ಮರೆತಿತ್ತು. ಪೇಪರು ಮೊದಲ ಬಸ್ಸಿಗೆ ಬರುತ್ತಿತ್ತು, ದಾರ ಕಟ್ಟಿಕೊಂಡು, ಮಸಿ ಹಸಿಯಾಗಿ. ದೊಡ್ಡಯ್ಯ ಬಿಡಿಸುವ ಮೊದಲು ಹಾಳೆಯನ್ನು ಒಮ್ಮೆ ಮೂಸುತ್ತಿದ್ದರು. ಸಾವಿನ ಸುದ್ದಿಗೆ ಮೊದಲು ಕನ್ನಡಕ ತೆಗೆದು ಒರೆಸುತ್ತಿದ್ದರು. ಅವರು ಕನ್ನಡಕಕ್ಕೆ ಕೈ ಹಾಕಿದರೆಂದರೆ ಮೇಜಿನ ಉದ್ದಕ್ಕೂ ಪಟ್ಟಿಯ ಸದ್ದು ನಿಂತುಬಿಡುತ್ತಿತ್ತು. ಆಗಲೂ ರೇಡಿಯೋ ಇತ್ತು, ಕೆಲವರು ಮನೆಯಲ್ಲೇ ಕೇಳಿಕೊಂಡು ಬರುತ್ತಿದ್ದರು. ಯಾರಾದರೂ "ಗೊತ್ತು" ಎಂದರೆ ದೊಡ್ಡಯ್ಯ ಹೇಳುತ್ತಿದ್ದದ್ದು ಒಂದೇ ಮಾತು: "ನಿನಗೆ ಗೊತ್ತಿರಬಹುದು ಮಾರಾಯ, ನಮಗೆ ಗೊತ್ತಿಲ್ಲ."

ತಮ್ಮ ದನಿ ಬಿದ್ದುಹೋದ ಮೇಲೆ ದೊಡ್ಡಯ್ಯ ಪೇಪರನ್ನು ನನ್ನ ಕೈಗಿಟ್ಟರು. "ನಿನಗೆ ದನಿ ಇದೆ, ಜಂಬವೂ ಇದೆ. ಈ ಕೆಲಸಕ್ಕೆ ಎರಡೂ ಬೇಕು" ಅಂದರು. ಹೊಗಳಿಕೆ ಎಂದುಕೊಂಡೆ. ಈಗಲೂ ಹಾಗೆಯೇ ಅಂದುಕೊಳ್ಳುತ್ತೇನೆ.

ಜುಲೈ ೯, ಮಂಗಳವಾರ

ಹಿಡಿ ಎತ್ತಿದವರು ಮೂವರೇ. ಭಾವ, ದಾರದ ಅತ್ತೆ, ಸೊಸೆ. ಉಳಿದವರ ಕಿವಿ ತುಂಬಿದೆ. ಅರ್ಧಕ್ಕಿಂತ ಹೆಚ್ಚು ಕಟ್ಟು ಹಾಗೇ ಉಳಿಯಿತು. ಓದು ಮುಗಿಸಿ ಇಳಿದು ನಾನೇ ಮಡಚಿದೆ. ಹೆಬ್ಬೆರಳು ಉರಿಯುತ್ತಿದೆ. ಇಪ್ಪತ್ತು ವರ್ಷ ಬೆಳಗಿನ ಹೊತ್ತು ರಾಣಿಯ ಹಾಗೆ ಕೂತಿದ್ದಕ್ಕೆ ಬೆರಳಿಗೆ ಮೈಗಳ್ಳತನ ಬಂದಿದೆ.

ಹೀಗೇ ನಡೆದರೆ ತಿಂಗಳೊಳಗೆ ಸ್ಟೂಲಿನ ಮೇಲೆ ಯಾರಾದರೂ ಗೋಂದಿನ ಡಬ್ಬಿ ಇಡುತ್ತಾರೆ.

ಮಗಳನ್ನು ಕೇಳಿದೆ, ಸುದ್ದಿ ಬೇಗ ಬರುವ ಹಾಗೆ ನನ್ನ ಫೋನಿಗೆ ಏನಾದರೂ ಮಾಡಿಕೊಡು ಎಂದು. "ಅಮ್ಮಾ, ಪೇಪರ್ ಅಂದ್ರೆ ನಿನ್ನೆ ಅಮ್ಮಾ" ಎಂದು ಎಷ್ಟು ಕನಿಕರದಿಂದ ಅಂದಳೆಂದರೆ, ಬೈಯಲೂ ಆಗಲಿಲ್ಲ. ನಾಲ್ಕಾರು ಗುಂಪುಗಳಿಗೆ ಸೇರಿಸಿದಳು. ಊಟ ಮುಗಿಯುವಷ್ಟರಲ್ಲಿ ಫೋನು ಮೂವತ್ತು ಸಲ ಕುಂಯ್ ಅಂದಿತು. ಇವರು, "ನಾಯಿಮರಿ ಸಾಕಿದ ಹಾಗಾಯ್ತಲ್ಲೇ" ಅಂದರು.

ಆಗಲಿ. ಪೇಪರು ನಿಧಾನ, ಫೋನು ವಿಮಾನ.

ಜುಲೈ ೧೨, ಶುಕ್ರವಾರ

ಗೆದ್ದೆ!

ಉಪಾಯ ಸರಳ. ಪೇಪರನ್ನು ಎಂದಿನಂತೆ ಬಿಡಿಸಿ ಹಿಡಿದೆ, ಮಡಿಕೆಯ ಒಳಗೆ ಫೋನು. ಫೋನಿನಿಂದ ಓದುತ್ತೇನೆ ಎಂದು ಗೊತ್ತಾದರೆ "ಅದು ನಮ್ಮ ಹತ್ರಾನೂ ಇದೆ" ಎನ್ನುತ್ತಾರೆ. ಪೇಪರಿನ ಹಿಂದಿನಿಂದ ಬಂದರೆ ಅದರ ಗತ್ತೇ ಬೇರೆ. ದೂರದ ಭೂಕಂಪ, ನಟನ ಮದುವೆ, ಕಡಲಲ್ಲಿ ಸಿಕ್ಕ ಎರಡು ತಲೆಯ ಮೀನು. "ಇದು ನಮ್ಮಲ್ಲಿ ಬಂದೇ ಇಲ್ವಲ್ಲ!" ಎಂದು ಒಬ್ಬೊಬ್ಬರೇ ಗುಂಡಿ ಕಿತ್ತರು. ಐದು ಹಿಡಿ! ಕತ್ತರಿ ಮಾವ ಮಾತ್ರ ಅಲ್ಲಾಡಲಿಲ್ಲ.

"ಪೇಪರಿನೋರು ಚುರುಕಾಗಿದ್ದಾರೆ ಈಗ" ಎಂದರು ಭಾವ.

"ಹೂಂ, ಏನೋ ಬದಲಾಯಿಸಿದ್ದಾರೆ" ಎಂದೆ ನಾನು.

ಜುಲೈ ೧೭, ಬುಧವಾರ

ಇವತ್ತು ಬಂದ ಸುದ್ದಿಯೆಲ್ಲ ಬಿಸಿಬಿಸಿ. ಚಂಡಮಾರುತ ಬರುತ್ತಿದೆ, ನಾಳೆ ಎಲ್ಲ ಶಾಲೆಗಳಿಗೂ ರಜೆ. ನಾನು ಸ್ಟೂಲಿನ ಮೇಲೆ ಕೂತಿದ್ದಾಗಲೇ ಬಂತು, ಅಲ್ಲಿಂದಲೇ ಓದಿದೆ.

ಸೊಸೆ ಕೈ ನಿಲ್ಲಿಸಿದಳು. "ನಾಳೆ ನನ್ನ ಮಗನ ಪರೀಕ್ಷೆ ಇದೆ ವಾರ್ತಕ್ಕ, ವಸತಿ ಶಾಲೆಗೆ ಸೇರೋದಕ್ಕೆ. ಅದೂ ಇಲ್ವಾ?"

"ಎಲ್ಲ ಅಂದ್ರೆ ಎಲ್ಲ" ಎಂದೆ, ಮಂತ್ರಿಯ ಮೂಗಿನಿಂದ. ನಕ್ಕರು.

"ಎಲ್ಲಿ, ನನಗಿನ್ನೂ ಬಂದಿಲ್ಲ" ಎಂದು ಯಾರೋ ಫೋನು ಉಜ್ಜಿದರು. ಭಾವ ಗದರಿದರು: "ವಾರ್ತಕ್ಕ ಓದಿದ್ರು ಅಂದ್ಮೇಲೆ ಅಚ್ಚಾಗಿದೆ ಅಂತ ತಾನೇ? ಅಚ್ಚಾಗಿದ್ದು ಸುಳ್ಳಾಗುತ್ತಾ?"

"ಆಗ್ಲಿ ಬಿಡಿ ವಾರ್ತಕ್ಕ" ಎಂದರು ದಾರದ ಅತ್ತೆ, "ಮಗು ಇನ್ನೊಂದಿಷ್ಟು ದಿನ ಮನೇಲಿರುತ್ತೆ."

ಸೊಸೆ ಆ ಮಾತನ್ನು ಹಾಗೇ ಬಿಟ್ಟು ಮತ್ತೆ ಮಡಚತೊಡಗಿದಳು. ಅಪರೂಪಕ್ಕೆ.

ಗಾಳಿಗೆ ಮಳೆ ಜೋಡಿ, ಶಾಲೆಗೆ ಬೀಗ ನೋಡಿ. ಏಳು ಹಿಡಿ.

ಜುಲೈ ೧೮, ಗುರುವಾರ

ಬಿಸಿಲು. ದಿನವಿಡೀ ಬಿಸಿಲು. ಅತ್ತೆಯೂ ಸೊಸೆಯೂ ಕೆಲಸಕ್ಕೆ ಬರಲಿಲ್ಲ.

ಶಾಲೆಗಳೆಲ್ಲ ನಡೆದಿವೆ. ಸೊಸೆಯ ಮಗ ಬರೆಯಬೇಕಿದ್ದ ಪರೀಕ್ಷೆಯೂ ನಡೆದಿದೆ. ಮಗಳು ಹುಡುಕಿ ತೋರಿಸಿದಳು: ಆ ಸುದ್ದಿ ಮೂರು ವರ್ಷ ಹಳೆಯದು, ಬೇರೆ ಯಾವುದೋ ಊರಿನದು. ಯಾರೋ ಯಾಕೋ ಮತ್ತೆ ಹರಿಬಿಟ್ಟಿದ್ದಾರೆ.

ಜುಲೈ ೧೯, ಶುಕ್ರವಾರ

ಸೊಸೆ ಬಂದವಳೇ ಚೀಲವನ್ನೂ ಇಳಿಸದೆ ಬುಧವಾರದ ಪೇಪರು ಕೇಳಿದಳು. ಕೊಟ್ಟೆ. ಮೇಜಿನ ಮೇಲೆ ಹರಡಿ ಒಂದೊಂದೇ ಪುಟ ಬೆರಳಿಟ್ಟು ನೋಡಿದಳು, ಜಾಹೀರಾತುಗಳನ್ನೂ ಬಿಡದೆ. ಎಲ್ಲರೂ ಗುಂಡಿ ತೆಗೆದು ಕೂತಿದ್ದರು. ಇಷ್ಟು ದಿನ ಬಯಸಿದ್ದ ನಿಶ್ಶಬ್ದ.

"ಎಲ್ಲಿದೆ, ತೋರ್ಸಿ."

ಫೋನು ತೋರಿಸಿದೆ. ಬೇರೆ ಏನು ತೋರಿಸಲಿ.

ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. "ಫೋನು ನನ್ನ ಹತ್ರಾನೂ ಇತ್ತು ವಾರ್ತಕ್ಕ. ಶಾಲೆಗೆ ಒಂದು ಕರೆ ಮಾಡಿದ್ರೆ ಸಾಕಿತ್ತು. ಮಾಡ್ಲಿಲ್ಲ, ನೀವು ಓದಿದ್ರಿ ಅಂತ."

ಆಮೇಲೆ ಅತ್ತೆಯ ಕಡೆ ತಿರುಗಿದಳು. ನಾನು ಕಂಡಂತೆ ಮೊದಲ ಸಲ ನೇರವಾಗಿ. "ನಿಮಗೆ ಸಂತೋಷ ಆಯ್ತಲ್ಲ?"

ಅತ್ತೆ ಸೂಜಿಗೆ ದಾರ ಪೋಣಿಸುತ್ತಲೇ ಇದ್ದರು. ಪೋಣಿಸಲು ಆಗಲಿಲ್ಲ.

ನಾನು ಸ್ಟೂಲು ಹತ್ತಲಿಲ್ಲ. ಯಾರೂ ಹತ್ತಿ ಎನ್ನಲೂ ಇಲ್ಲ. ಕಟ್ಟು ಇಡಿಯಾಗಿ ನನ್ನ ಮುಂದೆ ಇತ್ತು.

ಜುಲೈ ೨೨, ಸೋಮವಾರ

ಅರ್ಧ ದಿನ ರಜೆ ಹಾಕಿ ವಸತಿ ಶಾಲೆಯ ಕಚೇರಿಗೆ ಹೋಗಿದ್ದೆ. ಕಿಟಕಿಯ ಹಿಂದಿನ ಗುಮಾಸ್ತರು ಫೋನಿನಲ್ಲಿ ಏನೋ ನೋಡುತ್ತ, ಮುಖ ಎತ್ತದೆ, "ರಜೆ ಅಂದ್ಕೊಂಡ್ರಾ? ನಿಮ್ಮ ಹಾಗೇ ಸುಮಾರು ಜನ ಬಂದು ಹೋದ್ರು. ಯಾರ್ರೀ ಹೇಳ್ತಾರೆ ನಿಮಗೆಲ್ಲ ಇದನ್ನ?" ಎಂದರು.

"ನಾನೇ" ಎಂದೆ.

ಆಗ ಮುಖ ಎತ್ತಿದರು. ಸ್ವಲ್ಪ ಮೆತ್ತಗಾಗಿ ಹೇಳಿದರು: ಮರುಪರೀಕ್ಷೆ ಇಲ್ಲ. ಮುಂದಿನ ವರ್ಷ ಆ ಹುಡುಗನಿಗೆ ವಯಸ್ಸು ಮೀರುತ್ತದೆ. ಅರ್ಜಿ ಬರೆದುಕೊಟ್ಟು ಬಂದೆ. ಅದನ್ನು ಅವರು ಇಟ್ಟ ಜಾಗ ನೋಡಿದರೆ, ಅದು ಅಲ್ಲೇ ನಿವೃತ್ತಿಯಾಗುತ್ತದೆ.

ಸೊಸೆಗೆ ಹೇಳಿದೆ. "ಹೂಂ" ಎಂದಳು. ಸಂಜೆ ಅವಳ ಕಿವಿಯಲ್ಲೂ ಬಿಳಿ ಗುಂಡಿ ಕಂಡೆ.

ಜುಲೈ ೨೬, ಶುಕ್ರವಾರ

ಪೇಪರು ಬರುತ್ತದೆ. ಬಾಗಿಲ ಪಕ್ಕದ ಬೆಂಚಿನ ಮೇಲೆ ಹಾಗೇ ಇರುತ್ತದೆ.

ಮೇಲೆ ಕೂತವಳಿಗೆ ಈ ಕೋಣೆ ಹೀಗಿದೆ ಎಂದು ಗೊತ್ತೇ ಇರಲಿಲ್ಲ. ಕೆಳಗೆ ಕೂತರೆ ಕಾಗದದ ಮೇಲೆ ಪಟ್ಟಿ ಎಳೆಯುವ ಸದ್ದು ಒಬ್ಬೊಬ್ಬರದು ಒಂದೊಂದು ಥರ. ಭಾವನದು ಎರಡು ಸಲ ಎಳೆದು ಒಂದು ತಟ್ಟು. ಆ ಕೊನೆಯಲ್ಲಿ ಒಬ್ಬರು ನಗುತ್ತಾರೆ, ಸ್ವಲ್ಪ ಹೊತ್ತಿಗೆ ಈ ಕೊನೆಯಲ್ಲಿ ಇನ್ನೊಬ್ಬರು ನಗುತ್ತಾರೆ, ಯಾತಕ್ಕೆ ಎಂದು ಪಕ್ಕದವರಿಗೆ ಗೊತ್ತಿಲ್ಲ. ಒಬ್ಬಾಕೆ ಕಣ್ಣೊರೆಸಿಕೊಂಡಳು. ಅವಳ ಫೋನಿನಲ್ಲಿ ಯಾರು ಸತ್ತರೋ.

ಆಗಸ್ಟ್ ೬, ಮಂಗಳವಾರ

ಮಷೀನಿನ ಹತ್ತಿರ ಕತ್ತರಿ ಮಾವ ಒಬ್ಬರೇ ಇದ್ದರು. ಅವರೇ ಗುಂಡಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಮಾತಿಗೆ ನಿಂತರು.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿಮ್ಮಾ. ಈ ಮಷೀನು ನನ್ನ ಕಿವಿ ತಿಂದುಹಾಕಿದೆ. ನೀವು ಓದೋದು ಎರಡು ವರ್ಷದಿಂದ ನನಗೆ ಕೇಳಿಸ್ತಾನೇ ಇರ್ಲಿಲ್ಲ. ಎಲ್ಲರೂ ನಗುವಾಗ ನಗ್ತಿದ್ದೆ. ಅಳಿಯ ಇದು ತಂದುಕೊಟ್ಟ, ಜೋರಾಗಿ ಇಟ್ಕೊಂಡ್ರೆ ಕೇಳ್ಸುತ್ತೆ. ಅದಕ್ಕೇ."

"ಕೇಳಿಸದೇ ಇದ್ರೂ ಎರಡು ವರ್ಷ ಹಿಡಿ ಎತ್ತಿದ್ರಲ್ಲ ಮಾವ?" ಎಂದು ಅವರ ಕಿವಿಯ ಹತ್ತಿರ ಕೂಗಿದೆ.

"ಎತ್ತದೆ? ನೀವು ಓದ್ತಿದ್ರಲ್ಲ!"

ಮನೆಗೆ ಬಂದು ಇದನ್ನು ಇವರಿಗೆ ಹೇಳೋಣ ಎಂದರೆ ಫೋನು ಹಿಡಿದು ಮಲಗಿದ್ದಾರೆ.

ಆಗಸ್ಟ್ ೧೪, ಬುಧವಾರ

ದಾರದ ಅತ್ತೆಗೆ ಫೋನಿಲ್ಲ. ಇಡೀ ಮೇಜಿನಲ್ಲಿ ಕಿವಿ ಖಾಲಿ ಇರುವವರು ಅವರೂ ನಾನೂ ಇಬ್ಬರೇ, ಆದ್ದರಿಂದ ನನ್ನ ಪಕ್ಕ ಬಂದು ಕೂರುತ್ತಾರೆ. ಮೊದಲ ದಿನ ದಾರದ ಗುಣ ಹೇಳಿದರು, ಮರುದಿನ ಮಂಡಿಯ ನೋವು. ಇವತ್ತು ದನಿ ತಗ್ಗಿಸಿ ಮೊಮ್ಮಗನ ಮಾತು ತೆಗೆದರು.

"ಮಗು ನನ್ನ ಕೈ ಹಿಡ್ಕೊಂಡೇ ಮಲಗೋದು. ಕಳ್ಸೋದಕ್ಕೆ ನನಗೆ ಮನಸ್ಸಿರ್ಲಿಲ್ಲ, ನಿಜ. ಅವಳು ಹೇಳಿದ್ದು ಸುಳ್ಳಲ್ಲ. ಆದ್ರೆ ಹೀಗೆ ತಪ್ಪಿಹೋಗ್ಲಿ ಅಂತ ನಾನು ಬಯಸ್ಲಿಲ್ಲ ವಾರ್ತಕ್ಕ. ಅವತ್ತು ಬೆಳಿಗ್ಗೆ ಬಿಸಿಲು ನೋಡಿ ಮೊದಲು ಎದೆ ಒಡ್ಕೊಂಡಿದ್ದು ನಾನೇ. ಅದನ್ನ ಅವಳ ಹತ್ರ ಹೇಳೋಕೆ ಬಾಯಿ ಬರ್ಲಿಲ್ಲ."

"ಇದನ್ನ ನನಗೆ ಹೇಳಿದ್ರೆ ಏನು ಬಂತು ಅತ್ತೆ? ಅವಳಿಗೆ ಹೇಳಿ."

ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದರು. "ಹೇಗೆ ಹೇಳ್ಲಿ? ನೀವು ಓದೋದು ನಿಲ್ಲಿಸಿಬಿಟ್ರಲ್ಲ."

ಸೊಸೆ ಅಮ್ಮನ ಮನೆಗೆ ಹೋಗುವ ಮಾತಾಡುತ್ತಿದ್ದಾಳಂತೆ, ಮಗನನ್ನು ಕರೆದುಕೊಂಡು. ಸುಮ್ಮನೆ ಕೆಲವು ದಿನಕ್ಕೆ ಅಲ್ಲ.

ಆಗಸ್ಟ್ ೨೦, ಮಂಗಳವಾರ

ಭಾವ ಮೂರನೆಯ ತರಗತಿಯವರೆಗೆ ಓದಿದ್ದಂತೆ. ನನಗೆ ಗೊತ್ತೇ ಇರಲಿಲ್ಲ. ಕೂಡಿಸಿ ಕೂಡಿಸಿ ಓದುತ್ತಾರೆ. ಮೇಜಿನ ಆ ಕೊನೆಯವಳ ಗಂಡನಿಗೆ ಆಪರೇಷನ್ ಆಗಿದೆ. ಇದೂ ಗೊತ್ತಿರಲಿಲ್ಲ, ನಾಲ್ಕು ತಿಂಗಳಾಯಿತಂತೆ.

ಆಗಸ್ಟ್ ೩೦, ಶುಕ್ರವಾರ

ಬೈಂಡಿಂಗ್ ಮನೆಯ ಯಜಮಾನರು ಕರೆದು ಕೇಳಿದರು. "ವಾರ್ತಕ್ಕ, ಪೇಪರ್ ಬಿಡಿಸೋರೇ ಇಲ್ಲ. ಒಂದನೇ ತಾರೀಕಿಂದ ನಿಲ್ಲಿಸ್ಲಾ? ನಿಮ್ಮ ಮಾತು ಕೇಳ್ದೆ ನಿಲ್ಸಲ್ಲ."

"ನಿಲ್ಲಿಸಿ" ಎಂದೆ.

ಸಂಜೆ ಎಲ್ಲರೂ ಹೋದ ಮೇಲೆ ಬೆಂಚಿನ ಮೇಲಿದ್ದ ಪೇಪರನ್ನು ಮೂಸಿ ನೋಡಿದೆ. ಈಗಿನ ಮಸಿಗೆ ವಾಸನೆಯೇ ಇಲ್ಲ.

ಸೆಪ್ಟೆಂಬರ್ ೩, ಮಂಗಳವಾರ

ಬೆಳಿಗ್ಗೆ ಭಾವನ ಕೂಗಾಟ. ಮಡಿಕೆಯ ಹೊತ್ತು ಮುಗಿಯುವ ಮೊದಲೇ ಅಂಟಿನ ಮೇಜು ಸಿದ್ಧ ಮಾಡಿಕೊಳ್ಳಲು ಎದ್ದವರು, "ಹಾಸೋದಕ್ಕೆ ಒಂದು ಹಾಳೆ ಇಲ್ಲ! ಫೋನ್ ಹಾಸ್ಲಾ ಇದರ ಮೇಲೆ? ಹೇಳಿ, ಯಾರ ಫೋನ್ ಹಾಸ್ಲಿ?" ಎಂದು ಗೋಂದಿನ ಕುಂಚ ಹಿಡಿದು ಒಬ್ಬೊಬ್ಬರ ಹತ್ತಿರವೂ ಬಂದರು. ಕುಂಚ ತೊಟ್ಟಿಕ್ಕುತ್ತಿತ್ತು. ಎಲ್ಲರೂ ಫೋನುಗಳನ್ನು ಎದೆಗವಚಿಕೊಂಡರು. ಹಳೆಯ ಪೇಪರು ಅವರ ಮೇಜಿಗೆ ಹೋಗುತ್ತದೆ ಎಂಬುದನ್ನು ಯಜಮಾನರೂ ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ.

ಕೊನೆಗೆ ಅಟ್ಟ ಹತ್ತಿ, ಯಾವ ಕಾಲದ್ದೋ ಒಂದು ಹಳದಿ ಕಟ್ಟು ಕೆಳಗೆ ದಬ್ಬಿದರು. ಧೂಳಿಗೆ ಎಲ್ಲರೂ ಸೀನಿದೆವು. ಬಹಳ ದಿನದ ಮೇಲೆ ಎಲ್ಲರೂ ಒಟ್ಟಿಗೆ ಮಾಡಿದ ಕೆಲಸ ಅದು. ಭಾವ ಒಂದು ಹಾಳೆ ಹಾಸಿದವರು ಅಂಟು ಹಚ್ಚದೆ ಬಗ್ಗಿ ನಿಂತರು.

"ನ... ಗ... ರದ ಮೊ... ದಲ... ಚ... ಚಲಿ..."

"ಚಲಿಸುವ" ಎಂದಳು ಸೊಸೆ. ಅವಳ ಕಿವಿಯ ಗುಂಡಿ ಸೀನುವಾಗ ಬಿದ್ದಿತ್ತು.

"ಚಲಿಸುವ... ಮೆ... ಟ್ಟಿ..."

"ಕೊಡಿ ಭಾವ ಇತ್ತ! ನೀವು ಓದೋಷ್ಟರಲ್ಲಿ ಅದು ಚಲಿಸಿ ಮನೆಗೆ ಹೋಗಿರುತ್ತೆ."

ಸೊಸೆ ಹಾಳೆ ಎಳೆದುಕೊಂಡು ನಿಂತೇ ಓದಿದಳು. ನಗರದ ಮೊದಲ ಚಲಿಸುವ ಮೆಟ್ಟಿಲು, ಅದಿರುವ ದೊಡ್ಡ ಅಂಗಡಿಯಲ್ಲಿ ನೋಡಲು ಜನಸಾಗರ. ಹತ್ತಿದ ಒಬ್ಬ ಮಹಿಳೆಯ ಒಂದು ಚಪ್ಪಲಿ ಕೆಳಗೇ ಉಳಿದು, ಅದನ್ನು ತರಲು ಇಳಿಯಹೋಗಿ ಆಕೆ ಬಹಳ ಹೊತ್ತು ಇದ್ದಲ್ಲೇ ನಡೆದಳು. ಅವಳು ಯಾರ ಮೂಗಿನಿಂದಲೂ ಓದಲಿಲ್ಲ. ದನಿ ಸ್ವಲ್ಪ ಒರಟು. ಪೂರ್ಣವಿರಾಮಕ್ಕೆ ನಿಲ್ಲುವುದೇ ಇಲ್ಲ. ಚೆನ್ನಾಗಿತ್ತು.

"ನನಗೆ ಗೊತ್ತು" ಎಂದು ಯಾರೂ ಅನ್ನಲಿಲ್ಲ. ಯಾವ ಫೋನಿಗೂ ಅದು ಬಂದಿರಲಿಲ್ಲ. ಸೊಸೆ ಕತ್ತರಿ ಮಾವನ ಗುಂಡಿ ತೆಗೆಸಿ, ಎದುರು ನಿಂತು ಜೋರಾಗಿ ಇನ್ನೊಮ್ಮೆ ಓದಿದಳು. ಮಾವ, "ನಾನೂ ಹತ್ತಿದ್ದೆ! ಇಳಿಯೋದು ಗೊತ್ತಾಗ್ದೆ ಮೇಲೇ ನಿಂತಿದ್ದೆ, ಅಂಗಡಿ ಮುಚ್ಚೋ ತನಕ!" ಎಂದು ಕೂಗಿದರು.

"ನಾನೂ ಹೋಗಿದ್ದೆ" ಎಂದರು ದಾರದ ಅತ್ತೆ. "ಮಗ ಆಗ ಇಷ್ಟೇ ಇದ್ದ. ಹೆದರಿಕೊಂಡು ನನ್ನ ಕೈ ಬಿಡ್ಲೇ ಇಲ್ಲ."

ಮಗ ಎಂದರೆ ಇವಳ ಗಂಡ. ಸೊಸೆ ಹಾಳೆಯಿಂದ ಕಣ್ಣು ತೆಗೆಯದೆ ಮುಂದುವರಿಸಿದಳು: "ಮಕ್ಕಳ ಕೈಯನ್ನು ಯಾವ ಕಾರಣಕ್ಕೂ ಬಿಡಬಾರದೆಂದು ಪೊಲೀಸರು ಸೂಚಿಸಿದ್ದಾರೆ."

ಅತ್ತೆ ಬಿಟ್ಟಾರೆಯೇ? "ಕೇಳಿದ್ರಾ ವಾರ್ತಕ್ಕ! ಕೈ ಹಿಡ್ಕೊಂಡಿರೋದು ತಪ್ಪಲ್ಲ ಅಂತ ಆಗಲೇ ಪೇಪರಲ್ಲಿ ಬಂದಿತ್ತು."

ಮೇಜಿನ ಉದ್ದಕ್ಕೂ ಪಟ್ಟಿಗಳು ನಿಂತವು.

"ವಾರ್ತಕ್ಕ, ಅವ್ರಿಗೆ ಹೇಳಿ" ಎಂದಳು ಸೊಸೆ. "ಮೇಲೆ ತಲುಪಿದ ಮೇಲೆ ಕೈ ಬಿಡ್ಬೇಕು ಅಂತ ಮುಂದಿನ ಸಾಲಿನಲ್ಲಿದೆ."

ನಾನು ಅವಳ ಪಕ್ಕದಲ್ಲೇ ಇದ್ದೆ. ಮುಂದಿನ ಸಾಲಿನಲ್ಲಿ ಹಾಗೇನೂ ಇರಲಿಲ್ಲ. ಮುಂದಿನ ಸಾಲೇ ಇರಲಿಲ್ಲ, ಸುದ್ದಿ ಅಲ್ಲಿಗೆ ಮುಗಿದಿತ್ತು.

"ಹೌದು ಅತ್ತೆ, ಇದೆ" ಎಂದೆ.

"ಬಿಡೋಣಂತೆ" ಎಂದರು ಅತ್ತೆ. "ಮೇಲೆ ತಲುಪಲಿ. ಈ ಶಾಲೆ ಅಲ್ಲದಿದ್ರೆ ಇನ್ನೊಂದು ಮೆಟ್ಟಿಲು. ನಾನೂ ಜೊತೆಗೆ ಬರ್ತೀನಿ ಅಂತ ಹೇಳಿ ಅವಳಿಗೆ."

ಹೇಳುವುದು ಬೇಕಾಗಲಿಲ್ಲ. ಸೊಸೆ ಪುಟ ತಿರುವಿ, ಯಾವುದೋ ಊರಿನಲ್ಲಿ ತಪ್ಪಿಸಿಕೊಂಡ ಆನೆಯ ಸುದ್ದಿ ಶುರುಮಾಡಿದಳು. ಅತ್ತೆ ಕೈಚಾಚಿ ಅವಳ ಕಟ್ಟಿನಿಂದ ಒಂದು ಹಿಡಿ ಹಾಳೆ ಎತ್ತಿಕೊಂಡರು. ನಾನೂ ಎತ್ತಿಕೊಂಡೆ, ಸ್ವಲ್ಪ ದಪ್ಪ ಹಿಡಿಯನ್ನೇ. ಆನೆ ಸಿಕ್ಕಿತೋ ಇಲ್ಲವೋ ಕೇಳಿಸಿಕೊಳ್ಳಲಿಲ್ಲ. ಮಡಚುತ್ತಿದ್ದೆ.